ಪಾರದರ್ಶಕ ಪ್ಲಾಸ್ಟಿಕ್ ಹಾಳೆಗಳ ಥರ್ಮೋಫಾರ್ಮಿಂಗ್‌ನಲ್ಲಿ ಮೇಲ್ಮೈ ದೋಷಗಳು

ಥರ್ಮೋಫಾರ್ಮಿಂಗ್ ಎಂಬುದು ಪ್ಲಾಸ್ಟಿಕ್ ಹಾಳೆಯನ್ನು ಮೆದುವಾಗುವವರೆಗೆ ಕಾಯಿಸಿ, ನಿರ್ವಾತದಿಂದ ಅಥವಾ ಗಾಳಿಯ ಒತ್ತಡದಿಂದ ಅಚ್ಚಿನ ಆಕಾರಕ್ಕೆ ತಂದು ತಣಿಸುವ ವಿಧಾನ. ವಿಮಾನದ ಕಾಕ್‌ಪಿಟ್ ಮುಚ್ಚಳ, ಛಾವಣಿಯ ಬೆಳಕಿಂಡಿ, ಯಂತ್ರಗಳ ರಕ್ಷಾಕವಚ, ಮಾತ್ರೆಗಳ ಬ್ಲಿಸ್ಟರ್ ಪ್ಯಾಕ್ ಮುಂತಾದ ಪಾರದರ್ಶಕ ವಸ್ತುಗಳು ಈ ವಿಧಾನದಿಂದ ತಯಾರಾಗುತ್ತವೆ. ಬಣ್ಣದ ಹಾಳೆಯಲ್ಲಿ ಸಣ್ಣ ಕುಂದುಗಳು ಮರೆಯಾಗುತ್ತವೆ. ಪಾರದರ್ಶಕ ಹಾಳೆಯಲ್ಲಾದರೋ ಎರಡೂ ಮೇಲ್ಮೈಗಳು ಮತ್ತು ಒಳಭಾಗ ಒಟ್ಟಿಗೇ ಕಾಣುವುದರಿಂದ ಯಾವುದನ್ನೂ ಮುಚ್ಚಿಡಲು ಬರುವುದಿಲ್ಲ. ಒಂದೇ ಬಗೆಯಾಗಿ ಕಾಣುವ ದೋಷಕ್ಕೆ ಬೇರೆ ಬೇರೆ ಕಾರಣಗಳಿರಬಹುದಾದ್ದರಿಂದ, ಕಾರಣವನ್ನು ಖಚಿತಪಡಿಸಿಕೊಳ್ಳದೆ ಯಂತ್ರದ ತಾಪವನ್ನು ಬದಲಿಸುತ್ತ ಹೋದರೆ ಹಾಳೆಗಳು ವ್ಯರ್ಥವಾಗುತ್ತವೆ.

ಬಳಕೆಯಲ್ಲಿರುವ ಹಾಳೆಗಳು

ಅಕ್ರಿಲಿಕ್, ಪಾಲಿಕಾರ್ಬೊನೇಟ್ ಮತ್ತು ಪಿಇಟಿಜಿ ಹೆಚ್ಚಾಗಿ ಬಳಕೆಯಲ್ಲಿವೆ. ಇವು ಗಾಜಿನಂತಹ ಗಡಸು ಸ್ಥಿತಿಯಿಂದ ರಬ್ಬರಿನಂತಹ ಮೆದು ಸ್ಥಿತಿಗೆ ಬರುವ ತಾಪ ಅನುಕ್ರಮವಾಗಿ ಸುಮಾರು 105, 150 ಮತ್ತು 80 ಡಿಗ್ರಿ ಸೆಲ್ಸಿಯಸ್. ಆಕಾರ ಕೊಡಲು ಇದಕ್ಕಿಂತ ಸಾಕಷ್ಟು ಮೇಲಿನ ತಾಪ ಬೇಕು. ಪಾಲಿಕಾರ್ಬೊನೇಟಿಗೆ ಅದು ಸಾಮಾನ್ಯವಾಗಿ 175ರಿಂದ 190 ಡಿಗ್ರಿ. ಇಲ್ಲಿ ಹೇಳಿರುವುದು ಹಾಳೆಯ ತಾಪವನ್ನು ಕುರಿತೇ ಹೊರತು ಹೀಟರಿನ ಮೇಲೆ ನಿಗದಿಪಡಿಸಿದ ತಾಪವನ್ನಲ್ಲ. ಈ ಎರಡನ್ನೂ ಒಂದೆಂದು ತಿಳಿಯುವುದು ಹೊಸಬರು ಮಾಡುವ ಸಾಮಾನ್ಯ ತಪ್ಪು.

ಗುಳ್ಳೆಗಳು

ಹಾಳೆಯೊಳಗೆ ಮೂಡುವ ಸಣ್ಣ ಗುಳ್ಳೆಗಳು ಅತ್ಯಂತ ಪರಿಚಿತ ದೋಷ. ಪಾಲಿಕಾರ್ಬೊನೇಟ್ ನೋಡಲು ಒಣಗಿದಂತಿದ್ದರೂ ವಾತಾವರಣದ ತೇವವನ್ನು ಹೀರಿಕೊಂಡಿರುತ್ತದೆ. ಈ ನೀರು ತೂಕದ ಶೇಕಡ 0.2ರಷ್ಟನ್ನೂ ಮುಟ್ಟುವುದಿಲ್ಲವಾದರೂ, ಹಾಳೆ ಮೆದುವಾದಾಗ ಆವಿಯಾಗಿ ಉಬ್ಬಲು ಅಷ್ಟೇ ಸಾಕು. ಪರಿಹಾರವೆಂದರೆ ಗಾಳಿಯಾಡುವ ಒಲೆಯಲ್ಲಿ ಸುಮಾರು 120 ಡಿಗ್ರಿಯಲ್ಲಿ ಹಾಳೆಯನ್ನು ಮೊದಲೇ ಒಣಗಿಸುವುದು. ತೇವವು ಹಾಳೆಯ ನಡುವಿನಿಂದ ಮೇಲ್ಮೈಗೆ ನಿಧಾನವಾಗಿ ಸಾಗಿ ಹೊರಬರಬೇಕಾದ್ದರಿಂದ ದಪ್ಪ ಎರಡು ಪಟ್ಟಾದರೆ ಬೇಕಾಗುವ ಕಾಲ ಸರಿಸುಮಾರು ನಾಲ್ಕು ಪಟ್ಟಾಗುತ್ತದೆ. 1 ಮಿ.ಮೀ. ಹಾಳೆಗೆ ಒಂದೆರಡು ಗಂಟೆ ಸಾಕು, 6 ಮಿ.ಮೀ. ಹಾಳೆಗೆ ಒಂದು ದಿನದವರೆಗೂ ಬೇಕಾಗಬಹುದು.

ಹಾಳೆಗಳನ್ನು ಒಂದರ ಮೇಲೊಂದು ಪೇರಿಸಿ ಒಣಗಿಸಿದರೆ ನಡುವಿನವು ಒಣಗುವುದಿಲ್ಲ. ಗಾಳಿ ಆಡುವಂತೆ ಅವುಗಳ ನಡುವೆ ಅಂತರವಿರಬೇಕು, ಎರಡೂ ಬದಿಯ ರಕ್ಷಣಾ ಪೊರೆಯನ್ನು ತೆಗೆದಿರಬೇಕು. ಒಣಗಿದ ಹಾಳೆಯನ್ನು ಹೊರಗಿಟ್ಟರೆ ಅದು ಮತ್ತೆ ತೇವ ಹೀರುತ್ತದೆ. ಮಳೆಗಾಲದಲ್ಲಿ ಇದು ಇನ್ನೂ ಬೇಗ ಆಗುತ್ತದೆ. ಅಕ್ರಿಲಿಕ್ ಕೂಡ ತೇವ ಹೀರುತ್ತದೆಯಾದರೂ ಅದನ್ನು ಸುಮಾರು 80 ಡಿಗ್ರಿಯಲ್ಲಿ ಒಣಗಿಸಲಾಗುತ್ತದೆ. ಪಿಇಟಿಜಿಯನ್ನು ಸಾಮಾನ್ಯವಾಗಿ ಒಣಗಿಸಬೇಕಾಗಿಲ್ಲ.

ಎಲ್ಲ ಗುಳ್ಳೆಗಳಿಗೂ ತೇವವೇ ಕಾರಣವಲ್ಲ. ಪ್ಲಾಸ್ಟಿಕ್ ಉಷ್ಣವನ್ನು ಚೆನ್ನಾಗಿ ಸಾಗಿಸದ ಕಾರಣ, ಒಂದೇ ಬದಿಯಿಂದ ತೀವ್ರವಾಗಿ ಕಾಯಿಸಿದಾಗ ನಡುಭಾಗ ಮೆದುವಾಗುವ ಮುನ್ನವೇ ಮೇಲ್ಮೈ ಅತಿಯಾಗಿ ಕಾದು ಗುಳ್ಳೆಯೇಳುತ್ತದೆ. ಹೀಟರಿನ ಬದಿಗೆ ಮಾತ್ರ ಗುಳ್ಳೆಗಳಿದ್ದರೆ ಈ ಕಾರಣವನ್ನು ಶಂಕಿಸಬಹುದು. ಇಡೀ ದಪ್ಪದಲ್ಲಿ ಹರಡಿದ್ದರೆ ತೇವದ ಸಾಧ್ಯತೆ ಹೆಚ್ಚು. ಸಂದೇಹವಿದ್ದಲ್ಲಿ ಅದೇ ಹಾಳೆಯ ಎರಡು ತುಂಡುಗಳಲ್ಲಿ ಒಂದನ್ನು ಒಣಗಿಸಿ, ಎರಡನ್ನೂ ಒಂದೇ ಹೀಟರಿನ ಕೆಳಗೆ ಕಾಯಿಸಿ ನೋಡಬೇಕು. ಒಣಗಿಸದ ತುಂಡು ಮಾತ್ರ ಗುಳ್ಳೆಯೆದ್ದರೆ ತೇವವೇ ಕಾರಣ, ಎರಡೂ ಗುಳ್ಳೆಯೆದ್ದರೆ ದೋಷ ಕಾಯಿಸುವ ಕ್ರಮದಲ್ಲಿದೆ. ಆಗ ತಾಪವನ್ನು ತಗ್ಗಿಸಿ ಕಾಲವನ್ನು ಹೆಚ್ಚಿಸುವುದು, ದಪ್ಪ ಹಾಳೆಯನ್ನು ಎರಡೂ ಬದಿಯಿಂದ ಕಾಯಿಸುವುದು ಸೂಕ್ತ.

ಅಚ್ಚಿನ ಗುರುತುಗಳು

ಹಾಳೆ ಹೆಚ್ಚು ಕಾದಷ್ಟೂ ಅಚ್ಚಿನ ಗೀರು, ಮರದ ಎಳೆ, ಧೂಳಿನ ಕಣಗಳೆಲ್ಲ ಅದರ ಮೇಲೆ ಸ್ಪಷ್ಟವಾಗಿ ಮೂಡುತ್ತವೆ. ಹಾಗೆಂದು ಅಚ್ಚನ್ನು ಕನ್ನಡಿಯಂತೆ ಹೊಳಪುಗೊಳಿಸಿದರೆ ಹಾಳೆ ಮತ್ತು ಅಚ್ಚಿನ ನಡುವೆ ಗಾಳಿ ಸಿಕ್ಕಿಕೊಂಡು ಅಲ್ಲಲ್ಲಿ ಗುಳಿಗಳು ಬೀಳುತ್ತವೆ. ನಿರ್ವಾತದ ರಂಧ್ರಗಳನ್ನು ಹೆಚ್ಚಿಸುವುದರಿಂದ ಗಾಳಿ ಹೊರಹೋಗುತ್ತದೆ. ಆದರೆ ರಂಧ್ರಗಳು ದೊಡ್ಡವಾದರೆ ಅವುಗಳದೇ ಮೊಟ್ಟು ಹಾಳೆಯ ಮೇಲೆ ಉಳಿಯುತ್ತದೆ. ಅಚ್ಚು ತಣ್ಣಗಿದ್ದರೆ ಹಾಳೆ ಮೊದಲು ತಾಗಿದ ಜಾಗ ಅಲ್ಲೇ ಗಟ್ಟಿಯಾಗಿ, ಅದರ ಅಂಚಿನಲ್ಲಿ ಅಲೆಯಂತಹ ಗೆರೆ ಉಳಿಯುತ್ತದೆ. ಅಚ್ಚನ್ನು ಬಿಸಿಯಾಗಿರಿಸುವುದು ಇದಕ್ಕೆ ಪರಿಹಾರ.

ದೃಷ್ಟಿಸ್ಪಷ್ಟತೆ ಅತಿ ಮುಖ್ಯವಾದಲ್ಲಿ ಅಚ್ಚನ್ನೇ ಕೈಬಿಡುವುದುಂಟು. ಹಾಳೆಯ ಅಂಚುಗಳನ್ನು ಮಾತ್ರ ಹಿಡಿದು ಗಾಳಿಯಿಂದ ಗುಮ್ಮಟದಂತೆ ಊದಿದರೆ ನೋಡುವ ಭಾಗಕ್ಕೆ ಏನೂ ತಾಗುವುದಿಲ್ಲ. ಎರಡನೇ ಮಹಾಯುದ್ಧದ ಕಾಲದ ಸ್ಪಿಟ್‌ಫೈರ್ ವಿಮಾನಗಳ ಉಬ್ಬಿದ ‘ಮಾಲ್ಕಮ್ ಹುಡ್’ ಹೀಗೆ ಊದಿದ ಅಕ್ರಿಲಿಕ್ ಮುಚ್ಚಳಕ್ಕೆ ಹೆಸರಾಂತ ಉದಾಹರಣೆ. ಈ ಕ್ರಮದಲ್ಲಿ ಸಾಧ್ಯವಾಗುವ ಆಕಾರಗಳು ಕೆಲವೇ.

ಮಬ್ಬು ಮತ್ತು ಬಿಳಿಚುವಿಕೆ

ಸಾಮಾನ್ಯ ಪಿಇಟಿ ಹಾಳೆಯನ್ನು ಹೆಚ್ಚು ಹೊತ್ತು ಕಾಯಿಸಿದರೆ ಅದರೊಳಗೆ ಹರಳುಗಳು ಬೆಳೆದು ಹಾಲಿನಂತೆ ಬೆಳ್ಳಗಾಗುತ್ತದೆ. ಪಿಇಟಿಜಿಯ ಅಣುರಚನೆ ಈ ಹರಳುಗಟ್ಟುವಿಕೆಯನ್ನು ತಡೆಯುತ್ತದೆ. ಆದರೆ ಸಾಕಷ್ಟು ಕಾಯದ ಹಾಳೆಯನ್ನು ಬಲವಾಗಿ ಎಳೆದಾಗ ಅದೂ ಮೂಲೆಗಳಲ್ಲಿ ಬಿಳಿಚಿಕೊಳ್ಳಬಹುದು. ಹೀಗಾಗಿ ಮೊದಲನೆಯದಕ್ಕೆ ಉಷ್ಣವನ್ನು ಕಡಿಮೆ ಮಾಡಬೇಕು, ಎರಡನೆಯದಕ್ಕೆ ಹೆಚ್ಚಿಸಬೇಕು.

ಧೂಳು

ರಕ್ಷಣಾ ಪೊರೆಯನ್ನು ಕೀಳುವಾಗ ಹಾಳೆಯಲ್ಲಿ ಸ್ಥಾಯಿ ವಿದ್ಯುತ್ತು ಉಂಟಾಗಿ ಅದು ಧೂಳನ್ನು ಸೆಳೆಯುತ್ತದೆ. ಒಣ ಬಟ್ಟೆಯಿಂದ ಒರೆಸಿದರೆ ಇದು ಇನ್ನಷ್ಟು ಹೆಚ್ಚುತ್ತದೆ. ಅಯಾನೀಕರಿಸಿದ ಗಾಳಿಯನ್ನು ಊದುವುದು ಉತ್ತಮ ಮಾರ್ಗ.

ಕೂದಲೆಳೆ ಬಿರುಕುಗಳು

ಅಕ್ರಿಲಿಕ್‌ನಲ್ಲಿ ಕೆಲವು ದೋಷಗಳು ವಸ್ತು ತಯಾರಾಗಿ ವಾರಗಳು ಕಳೆದ ಮೇಲೆ ಕಾಣಿಸಿಕೊಳ್ಳುತ್ತವೆ. ತಣ್ಣಗಾಗುವ ಹಂತದಲ್ಲಿ ಆಕಾರ ಕೊಟ್ಟಾಗ ಅಥವಾ ಅಸಮವಾಗಿ ತಣಿಸಿದಾಗ ಒತ್ತಡ ಒಳಗೇ ಉಳಿಯುತ್ತದೆ. ಅನಂತರ ಆಲ್ಕೊಹಾಲ್, ಅಸಿಟೋನ್ ಅಥವಾ ಕೆಲವು ಅಂಟುಗಳು ತಾಗಿದೊಡನೆ ಮೇಲ್ಮೈಯಲ್ಲಿ ನವಿರಾದ ಬಿರುಕುಗಳು ತೆರೆದುಕೊಳ್ಳುತ್ತವೆ. ಇವು ನೋಟವನ್ನು ಕೆಡಿಸುವುದಷ್ಟೇ ಅಲ್ಲದೆ ಹಾಳೆಯ ಬಲವನ್ನೂ ಕುಗ್ಗಿಸುವುದರಿಂದ ರಕ್ಷಾಕವಚಗಳಲ್ಲಿ ಅಪಾಯಕಾರಿ. ಪರಸ್ಪರ ಅಡ್ಡವಾಗಿರಿಸಿದ ಎರಡು ಧ್ರುವೀಕರಣ ಫಲಕಗಳ ನಡುವೆ ವಸ್ತುವನ್ನು ಹಿಡಿದರೆ, ಉಳಿದ ಒತ್ತಡವು ಬಣ್ಣದ ಪಟ್ಟೆಗಳಾಗಿ ಕಾಣುತ್ತದೆ. ಅಂತಹ ವಸ್ತುವನ್ನು ಸುಮಾರು 80 ಡಿಗ್ರಿಯಲ್ಲಿ ಕೆಲವು ಗಂಟೆ ಇರಿಸಿ, ನಿಧಾನವಾಗಿ ತಣಿಸಿದರೆ ಒತ್ತಡ ಬಹುಮಟ್ಟಿಗೆ ಇಳಿಯುತ್ತದೆ. ಈಗಾಗಲೇ ತೆರೆದ ಬಿರುಕು ಇದರಿಂದ ಮುಚ್ಚುವುದಿಲ್ಲ.