ಸಮುದ್ರದ ನೀರಿಗೆ ಗಡಿ ಇಲ್ಲ, ಸರಿ. ಅದರೊಳಗಿನ ಸಿಂಪಿಗೆ?

ಅಮೆರಿಕದ ಪೂರ್ವ ಕರಾವಳಿಯ ಸಿಂಪಿಯೂ ಮೆಕ್ಸಿಕೊ ಕೊಲ್ಲಿಯ ಸಿಂಪಿಯೂ ಒಂದೇ ಜಾತಿ. ವೈಜ್ಞಾನಿಕ ಹೆಸರು ಕ್ರಾಸಾಸ್ಟ್ರಿಯಾ ವರ್ಜಿನಿಕಾ. ಬೆಳೆದ ಸಿಂಪಿ ಹಳೇ ಚಿಪ್ಪಿಗೋ ಕಲ್ಲಿಗೋ ಅಂಟಿಕೊಂಡರೆ ಮತ್ತೆ ಕದಲುವುದಿಲ್ಲ. ಆದರೆ ಅದರ ಮರಿಗಳು ಎರಡು-ಮೂರು ವಾರ ನೀರಿನಲ್ಲಿ ತೇಲುತ್ತವೆ. ಹಾಗಾಗಿ ಪ್ರವಾಹ ಎಲ್ಲವನ್ನೂ ಬೆರೆಸಿರುತ್ತದೆ, ಎಲ್ಲ ಕಡೆಯ ಸಿಂಪಿಯೂ ಒಂದೇ ಎಂದುಕೊಳ್ಳುವುದು ಸಹಜ. "ಇಲ್ಲಿ ಸಿಂಪಿ ಕಡಿಮೆಯಾಯಿತೇ? ಬೇರೆ ಕಡೆಯಿಂದ ತಂದು ಸುರಿಯಿರಿ" ಎಂಬ ಸಲಹೆ ಹುಟ್ಟುವುದೂ ಇಲ್ಲಿಂದಲೇ.

1980ರ ದಶಕದಲ್ಲಿ ಸಿಂಪಿಯ ಪ್ರೊಟೀನ್‌ಗಳನ್ನು ಹೋಲಿಸಿದಾಗಲೂ ದೊಡ್ಡ ವ್ಯತ್ಯಾಸ ಕಾಣಲಿಲ್ಲ.

1990ರಲ್ಲಿ ಕ್ಯಾರೊಲ್ ರೀಬ್ ಮತ್ತು ಜಾನ್ ಅವೈಸ್ ಬೇರೆ ಕಡೆ ನೋಡಿದರು: ತಾಯಿಯಿಂದ ಮಾತ್ರ ಬರುವ ಮೈಟೊಕಾಂಡ್ರಿಯಾದ ಡಿಎನ್ಎ. ಕೆನಡಾದಿಂದ ಟೆಕ್ಸಾಸ್‌ವರೆಗಿನ ಸಿಂಪಿಗಳು ಸ್ಪಷ್ಟವಾಗಿ ಎರಡು ಗುಂಪಾದವು, ಅಟ್ಲಾಂಟಿಕ್‌ನದು ಒಂದು, ಕೊಲ್ಲಿಯದು ಇನ್ನೊಂದು. ಗಡಿ ಬಿದ್ದದ್ದು ಫ್ಲೋರಿಡಾದ ಅಟ್ಲಾಂಟಿಕ್ ದಡದಲ್ಲಿ, ಕೇಪ್ ಕೆನವೆರಲ್ ಆಸುಪಾಸು. ಹೌದು, ರಾಕೆಟ್ ಹಾರಿಸುವ ಅದೇ ಕೆನವೆರಲ್! ಇನ್ನೂ ಸ್ವಾರಸ್ಯದ ಸಂಗತಿ, 1986ರಲ್ಲೇ ಹಾರ್ಸ್‌ಶೂ ಏಡಿಯಲ್ಲೂ ಇದೇ ಜಾಗದ ಸುತ್ತ ಇಂಥದ್ದೇ ಗಡಿ ಸಿಕ್ಕಿತ್ತು. ಸಿಂಪಿಗೂ ಆ ಏಡಿಗೂ ಯಾವ ನಂಟೂ ಇಲ್ಲ. ಎರಡಕ್ಕೂ ಒಂದೇ ಕಡೆ ಗೆರೆ ಬಿದ್ದಿದೆ ಎಂದರೆ ಕಾರಣ ಪ್ರಾಣಿಯಲ್ಲಿ ಮಾತ್ರವಲ್ಲ, ಆ ಜಾಗದಲ್ಲೂ ಇರಬೇಕು.

ಫ್ಲೋರಿಡಾ ಬೆಚ್ಚಗಿನ ನೀರಿನೊಳಕ್ಕೆ ಉದ್ದಕ್ಕೆ ಚಾಚಿಕೊಂಡಿದೆ. ಕೆನವೆರಲ್ ಹತ್ತಿರ ತಂಪು ನೀರಿನ ಜೀವಿಗಳು ಕಡಿಮೆಯಾಗಿ ಬಿಸಿ ನೀರಿನವು ಹೆಚ್ಚುತ್ತವೆ. ಹಿಮಯುಗದಲ್ಲಿ ಸಮುದ್ರ ಸುಮಾರು 120 ಮೀಟರ್ ಇಳಿದಿದ್ದಾಗ ಈ ಭೂಭಾಗ ಇನ್ನೂ ಅಗಲವಾಗಿತ್ತು. ಜೊತೆಗೆ, ಮರಿ ತೇಲಿ ಬರುವುದು ಒಂದು, ಬಂದ ಕಡೆ ಬದುಕಿ ಮರಿ ಹಾಕುವುದು ಇನ್ನೊಂದು.

ಹಾಗಾದರೆ ಇವು ಎರಡು ಬೇರೆ ಜಾತಿಗಳೇ? ಅಲ್ಲ. ವಾದವೂ ಪೂರ್ತಿ ಮುಗಿದಿರಲಿಲ್ಲ: 1992ರಲ್ಲಿ ಜೀವಕೋಶದ ಕೇಂದ್ರದ ಡಿಎನ್ಎಯಲ್ಲೂ ಗಡಿ ಕಂಡಿತು, 1996ರಲ್ಲಿ ಅದೇ ಡಿಎನ್ಎಯ ಬೇರೆ ಭಾಗಗಳನ್ನು ನೋಡಿದವರಿಗೆ ಅಷ್ಟು ವ್ಯತ್ಯಾಸ ಸಿಗಲಿಲ್ಲ. "ಡಿಎನ್ಎ ಟೆಸ್ಟ್‌ನಲ್ಲಿ ಸಾಬೀತಾಗಿದೆ" ಎಂಬ ಫಾರ್ವರ್ಡ್ ಬಂದರೆ, ಯಾವ ಡಿಎನ್ಎ ಎಂದು ಕೇಳಿ.

ಸಿಂಪಿ ದಿಬ್ಬಗಳನ್ನು ಮತ್ತೆ ಕಟ್ಟುವವರಿಗೆ ಇದು ಬರೀ ಕುತೂಹಲವಲ್ಲ. ದೂರದಿಂದ ತಂದ ಸಿಂಪಿ ಸ್ಥಳೀಯ ಉಪ್ಪು, ಚಳಿಗೆ ಒಗ್ಗದೆ ಸಾಯಬಹುದು, ಜೊತೆಗೆ ರೋಗವನ್ನೂ ತರಬಹುದು. ಬದುಕಿದರೆ ಸ್ಥಳೀಯ ತಳಿಯೊಡನೆ ಬೆರೆಯುತ್ತದೆ. ಹಾಗೆ ಬೆರೆತದ್ದನ್ನು ಆಮೇಲೆ ಬೇರ್ಪಡಿಸಲು ಆಗುವುದಿಲ್ಲ.