ಮೋಡಬಿತ್ತನೆಯ ಕಾನೂನು: ಕರ್ನಾಟಕ

ಮೋಡದೊಳಗೆ ಉಪ್ಪಿನ ಅಥವಾ ಸಿಲ್ವರ್ ಅಯೊಡೈಡಿನ ಕಣಗಳನ್ನು ತೂರಿ ಮಳೆ ಹೆಚ್ಚಿಸುವ ಕೆಲಸಕ್ಕೆ ಮೋಡಬಿತ್ತನೆ ಎಂದು ಹೆಸರು. ಈ ಕೆಲಸವನ್ನು ಯಾರು ಮಾಡಬಹುದು, ಯಾರ ಅನುಮತಿ ಬೇಕು, ಯಾರಿಗೆ ಮೊದಲೇ ತಿಳಿಸಬೇಕು, ನಷ್ಟವಾದರೆ ಹೊಣೆ ಯಾರದು ಎಂಬುದನ್ನು ಗೊತ್ತುಪಡಿಸುವ ಶಾಸನಗಳು ಅಮೆರಿಕದ ಹಲವು ರಾಜ್ಯಗಳಲ್ಲಿ ಅರ್ಧ ಶತಮಾನಕ್ಕೂ ಹಿಂದಿನಿಂದ ಜಾರಿಯಲ್ಲಿವೆ. ಕರ್ನಾಟಕ ಸರ್ಕಾರ 2003ರಿಂದ ಹಲವು ಸಲ ತನ್ನ ಖರ್ಚಿನಲ್ಲಿ ಮೋಡ ಬಿತ್ತಿದೆ. ಆದರೆ ಅದಕ್ಕೆಂದೇ ಒಂದು ಕಾಯ್ದೆಯನ್ನು ಮಾಡಿಕೊಂಡಿಲ್ಲ. ಹೀಗಾಗಿ ಇಲ್ಲಿ ಈ ವಿಷಯದ ಇತಿಹಾಸವೆಂದರೆ ಬಹುಮಟ್ಟಿಗೆ ಪ್ರಯೋಗಗಳ, ಟೆಂಡರುಗಳ ಮತ್ತು ಸದನದ ಬೇಡಿಕೆಗಳ ಇತಿಹಾಸ.

ಕಾನೂನಿನ ಪ್ರಶ್ನೆ ಏಕೆ ಏಳುತ್ತದೆ ಎಂಬುದನ್ನು ತಿಳಿಯಲು ಉತ್ತರ ಕನ್ನಡದ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ನೆಲವನ್ನು ನೋಡಿದರೆ ಸಾಕು. ಅರಬ್ಬೀ ಸಮುದ್ರದಿಂದ ಬರುವ ಮುಂಗಾರು ಮೋಡ ಘಟ್ಟ ಹತ್ತುವಾಗ ಸಿದ್ದಾಪುರದ ಪಶ್ಚಿಮದಂಚಿನ ಊರುಗಳಲ್ಲಿ ಎಡೆಬಿಡದೆ ಸುರಿಯುತ್ತದೆ. ಅದೇ ಮೋಡ ಶಿರಸಿ ದಾಟಿ ಬನವಾಸಿಯ ಬಯಲಿಗೆ ಬರುವಷ್ಟರಲ್ಲಿ ಹಗುರಾಗಿರುತ್ತದೆ. ಅಲ್ಲಿಂದ ಮೂಡಣಕ್ಕೆ ಹಾನಗಲ್ಲು, ಹಾವೇರಿ, ರಾಣೆಬೆನ್ನೂರು. ಅದು ಮಳೆನೆರಳಿನ ನಾಡು. ಮೋಡ ಒಂದೇ, ಅದರಿಂದ ಜನ ಬಯಸುವುದು ಮಾತ್ರ ಬೇರೆ ಬೇರೆ. ಬಯಲಿನ ಮೆಕ್ಕೆಜೋಳದ ರೈತ ಆಗಸ್ಟಿನಲ್ಲಿ ಇನ್ನೊಂದು ಹದಮಳೆಗಾಗಿ ಆಕಾಶ ನೋಡುತ್ತಿರುವಾಗ, ಘಟ್ಟದ ಮೇಲಿನ ತೋಟಿಗ ಕೊಳೆಮದ್ದು ಹೊಡೆಯಲು ನಾಲ್ಕು ದಿನ ಹೊಳವಾದರೆ ಸಾಕು ಎಂದುಕೊಂಡಿರುತ್ತಾನೆ. ಬಿಡದೆ ಹೊಯ್ಯುವ ಮಳೆಯಲ್ಲಿ ಅಡಿಕೆಗೆ ಕೊಳೆರೋಗ ಹಬ್ಬುತ್ತದೆ. ಬೋರ್ಡೋ ದ್ರಾವಣ ಗೊನೆಗೆ ಅಂಟಿ ಒಣಗಲು ಬಿಸಿಲು ಬೇಕು. ಒಬ್ಬನ ವರ ಇನ್ನೊಬ್ಬನ ನಷ್ಟವಾಗಬಲ್ಲ ಕೆಲಸಕ್ಕೆ ನಿಯಮ ಬೇಕೆನ್ನುವುದು ಇಂಥ ನೆಲದಲ್ಲಿ ಬಿಡಿಸಿ ಹೇಳಬೇಕಾದ ಮಾತಲ್ಲ.

ಆಧುನಿಕ ಮೋಡಬಿತ್ತನೆ 1946ರ ನವೆಂಬರಿನಲ್ಲಿ ಮೊದಲಾಯಿತು. ಅಮೆರಿಕದ ವಿನ್ಸೆಂಟ್ ಶೇಫರ್ ಮ್ಯಾಸಚೂಸೆಟ್ಸಿನ ಬೆಟ್ಟವೊಂದರ ಬಳಿ ವಿಮಾನದಿಂದ ಒಣಮಂಜನ್ನು ಮೋಡಕ್ಕೆ ಸುರಿದು ಹಿಮ ಬೀಳಿಸಿದ. ಸಿಲ್ವರ್ ಅಯೊಡೈಡಿನ ಹರಳು ಮಂಜುಗಡ್ಡೆಯ ಹರಳನ್ನು ಹೋಲುವುದರಿಂದ ಅದೂ ಆಗಬಹುದೆಂದು ಅವನ ಸಹೋದ್ಯೋಗಿ ಬರ್ನಾರ್ಡ್ ವಾನೆಗಟ್ ಕಂಡುಕೊಂಡ. ತಕರಾರು ಕೋರ್ಟಿಗೆ ಹೋಗಲು ನಾಲ್ಕೇ ವರ್ಷ ಸಾಕಾಯಿತು. ನ್ಯೂಯಾರ್ಕ್ ನಗರ ತನ್ನ ಕುಡಿಯುವ ನೀರಿನ ಜಲಾಶಯಗಳನ್ನು ತುಂಬಿಸಿಕೊಳ್ಳಲು ಮೋಡ ಬಿತ್ತಲು ಹೊರಟಾಗ ವಿಹಾರಧಾಮವೊಂದರ ಒಡೆಯರು ತಡೆ ಕೇಳಿದರು; 1950ರಲ್ಲಿ ನ್ಯಾಯಾಲಯ ನಗರದ ನೀರೇ ಮುಖ್ಯವೆಂದು ತಡೆ ನಿರಾಕರಿಸಿತು. ಆ ದಶಕದ ಕೊನೆಯಲ್ಲಿ ಟೆಕ್ಸಾಸಿನ ನ್ಯಾಯಾಲಯಗಳು ಬೇರೆ ದಾರಿ ಹಿಡಿದವು. ಆಲಿಕಲ್ಲು ತಡೆಯಲೆಂದು ನಡೆದ ಬಿತ್ತನೆಯಿಂದ ತಮ್ಮ ಹುಲ್ಲುಗಾವಲಿಗೆ ಮಳೆ ತಪ್ಪುತ್ತಿದೆ ಎಂದ ದನಗಾಹಿಗಳ ಪರವಾಗಿ, ಅವರ ಜಮೀನಿನ ಮೇಲಣ ಮೋಡವನ್ನು ಮುಟ್ಟಬಾರದೆಂದು ಆದೇಶವಾಯಿತು.

ಇಂಥ ಒಂದಕ್ಕೊಂದು ಹೊಂದದ ತೀರ್ಪುಗಳ ನಡುವೆ ರಾಜ್ಯಗಳೇ ಕಾಯ್ದೆ ಮಾಡತೊಡಗಿದವು. ತನ್ನ ಗಡಿಯೊಳಗಿನ ಆಕಾಶದ ತೇವದ ಮೇಲೆ ರಾಜ್ಯಕ್ಕೇ ಪರಮಾಧಿಕಾರ ಎಂದು ವಯೋಮಿಂಗ್ 1951ರಲ್ಲಿ ಸಾರಿತು. ಟೆಕ್ಸಾಸ್ 1967ರಲ್ಲಿ, ಕೊಲರಾಡೊ 1972ರಲ್ಲಿ, ಯೂಟಾ 1973ರಲ್ಲಿ ಶಾಸನ ಮಾಡಿದವು. ಆಸ್ಟ್ರೇಲಿಯದ ವಿಕ್ಟೋರಿಯ ರಾಜ್ಯ 1967ರಲ್ಲೇ ಮಳೆ ತರಿಸುವ ಕೆಲಸದ ನಿಯಂತ್ರಣ ಕಾಯ್ದೆ ತಂದಿತು. ಪರವಾನಗಿ, ಮುಂಚಿತ ಪ್ರಕಟಣೆ, ದಾಖಲೆ, ಹೊಣೆಗಾರಿಕೆ ಇವೇ ಇಂಥ ಕಾಯ್ದೆಗಳ ಸಾಮಾನ್ಯ ಅಂಗಗಳು. ಅಮೆರಿಕದ ಒಕ್ಕೂಟ ಸರ್ಕಾರ 1971ರ ಕಾಯ್ದೆಯಲ್ಲಿ ಕೇಳಿದ್ದು ವರದಿಯನ್ನು ಮಾತ್ರ; ಅನುಮತಿ ಕೊಡುವ ಬಿಡುವ ಅಧಿಕಾರ ರಾಜ್ಯಗಳಲ್ಲೇ ಉಳಿಯಿತು. ಕೆಲವು ರಾಜ್ಯಗಳು ನಿಷೇಧದ ಕಡೆಗೂ ವಾಲಿವೆ: ಟೆನೆಸಿ 2024ರಲ್ಲಿ, ಫ್ಲಾರಿಡಾ 2025ರಲ್ಲಿ ಹವಾಮಾನ ಬದಲಿಸುವ ಪ್ರಯತ್ನಗಳನ್ನೇ ಕಾನೂನುಬಾಹಿರಗೊಳಿಸಿದವು.

ಭಾರತದಲ್ಲಿ ಮೊದಲ ಯತ್ನ ನಡೆದದ್ದು ಪಶ್ಚಿಮ ಘಟ್ಟದ ಮೇಲೆಯೇ. 1951ರಲ್ಲಿ ಟಾಟಾ ಸಂಸ್ಥೆ ನೆಲದ ಮೇಲಿಟ್ಟ ಉಪಕರಣಗಳಿಂದ ಸಿಲ್ವರ್ ಅಯೊಡೈಡಿನ ಹೊಗೆಯನ್ನು ಮೋಡಕ್ಕೆ ಬಿಟ್ಟಿತು. ಮರುವರ್ಷ ಹವಾಮಾನ ಇಲಾಖೆಯ ಮೊದಲ ಭಾರತೀಯ ಮಹಾನಿರ್ದೇಶಕರಾಗಿದ್ದ ಎಸ್.ಕೆ. ಬ್ಯಾನರ್ಜಿ ಬಲೂನುಗಳಲ್ಲಿ ಉಪ್ಪು ಕಳಿಸಿ ನೋಡಿದರು. ಉತ್ತರ ಭಾರತದ ದೆಹಲಿ, ಆಗ್ರಾ, ಜೈಪುರಗಳಲ್ಲಿ 1957ರಿಂದ ಸುಮಾರು ಹತ್ತು ವರ್ಷ ನೆಲದಿಂದ ಉಪ್ಪು ತೂರುವ ಪ್ರಯೋಗ ನಡೆಯಿತು. ಆಮೇಲೆ ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆ ವಿಮಾನಗಳನ್ನು ಬಳಸಿ, ಮಹಾರಾಷ್ಟ್ರದ ಬಾರಾಮತಿ ಸುತ್ತಿನಲ್ಲಿ ಹಲವು ಮುಂಗಾರುಗಳ ಕಾಲ ಬಿತ್ತಿದ ದಿನ ಮತ್ತು ಬಿತ್ತದ ದಿನಗಳನ್ನು ಹೋಲಿಸಿ ಶೇ 24ರಷ್ಟು ಹೆಚ್ಚಳ ಕಂಡಿತು.

ಕರ್ನಾಟಕದ ಪಾಲಿಗೆ ಆ ಸರಣಿಯಲ್ಲಿ ನೆನೆಯಬೇಕಾದದ್ದು ಲಿಂಗನಮಕ್ಕಿ. 1975ರಲ್ಲಿ ಪುಣೆಯ ಅದೇ ಸಂಸ್ಥೆ ಲಿಂಗನಮಕ್ಕಿ ಜಲಾನಯನದ ಮೇಲೆ ವಿಮಾನದಿಂದ ಉಪ್ಪು ಬಿತ್ತಿತು. ಶರಾವತಿಯ ಈ ಅಣೆಕಟ್ಟು ಮುಗಿದು ಆಗ ಹನ್ನೊಂದು ವರ್ಷ. 151 ಟಿಎಂಸಿ ಅಡಿ ನೀರು ಹಿಡಿಯುವ ಜಲಾಶಯದಿಂದಲೇ ರಾಜ್ಯದ ವಿದ್ಯುತ್ತಿನ ದೊಡ್ಡ ಪಾಲು ಬರುತ್ತಿತ್ತು. ಕಲ್ಲಿದ್ದಲಿನ ರಾಯಚೂರು ಸ್ಥಾವರ ಬರಲು ಇನ್ನೂ ಹತ್ತು ವರ್ಷವಿತ್ತು. ಹೊಳೆ ಬತ್ತಿದರೆ ದೀಪ ಆರುವ ಕಾಲ ಅದು. ಅಣೆಕಟ್ಟಿನ ಕೆಳಗೆ ಜೋಗದ ಗುಂಡಿಯಲ್ಲಿ ಶರಾವತಿಯ ಒಂದು ದಡ ಸಾಗರ ತಾಲ್ಲೂಕಿನದು, ಇನ್ನೊಂದು ದಡ ಸಿದ್ದಾಪುರದ್ದು. 1956ಕ್ಕೆ ಮೊದಲು ಒಂದು ಮೈಸೂರು, ಇನ್ನೊಂದು ಮುಂಬಯಿ. ಎರಡೂ ದಡದ ಬಂಗಲೆಗಳ ಹೆಸರಿನಲ್ಲಿ ಆ ಗಡಿ ಇನ್ನೂ ಉಳಿದಿದೆ. ನದಿಯ ನೀರನ್ನು ಹಂಚಿಕೊಳ್ಳಲು ಈ ನಾಡು ಕಾಯ್ದೆ, ಕರಾರು, ನ್ಯಾಯಮಂಡಳಿಗಳನ್ನೆಲ್ಲ ಕಂಡಿದೆ. ಅದೇ ನೀರು ಇನ್ನೂ ಮೋಡವಾಗಿರುವಾಗ ಅದರ ಮೇಲೆ ಕೈಯಿಟ್ಟ 1975ರ ಪ್ರಯೋಗ ವಿಜ್ಞಾನದ ಲೆಕ್ಕಕ್ಕೆ ಸೇರಿತೇ ಹೊರತು ಕಾನೂನಿನ ಪ್ರಶ್ನೆಯಾಗಲಿಲ್ಲ.

ಸಂವಿಧಾನ ಈ ವಿಷಯವನ್ನು ಹೆಸರಿಟ್ಟು ಯಾರಿಗೂ ಒಪ್ಪಿಸಿಲ್ಲ. ಏಳನೆಯ ಅನುಸೂಚಿಯಲ್ಲಿ ಕೃಷಿ ಮತ್ತು ನೀರು ರಾಜ್ಯಪಟ್ಟಿಯ 14 ಮತ್ತು 17ನೆಯ ನಮೂದುಗಳು. ವಿಮಾನ ಸಂಚಾರ ಕೇಂದ್ರಪಟ್ಟಿಯ 29ನೆಯದು; ಅಂತರರಾಜ್ಯ ನದಿಗಳ ನಿಯಂತ್ರಣ 56ನೆಯದು; ಹವಾಮಾನ ಸಂಸ್ಥೆಗಳು 68ನೆಯದು. ಎಲ್ಲಿಯೂ ಸೇರದ ವಿಷಯ 248ನೆಯ ವಿಧಿಯಂತೆ ಸಂಸತ್ತಿಗೆ ಹೋಗುತ್ತದೆ. ನೆಲಕ್ಕೆ ಬಿದ್ದ ಮಳೆ ರಾಜ್ಯದ್ದು ಎನ್ನುವುದರಲ್ಲಿ ಗೊಂದಲ ಕಡಿಮೆ. ಬೀಳುವ ಮುಂಚಿನ ಮೋಡ ನೀರೋ, ಹವೆಯೋ ಎಂಬುದೇ ತೊಡಕು. ಬಿತ್ತನೆಯ ಅನುಮತಿ, ಪ್ರಕಟಣೆ, ಪರಿಹಾರದಂಥ ನೆಲದ ಮೇಲಿನ ಸಂಗತಿಗಳಿಗೆ ನೀರು ಮತ್ತು ಕೃಷಿಯ ಆಧಾರದಲ್ಲಿ ರಾಜ್ಯ ಕಾಯ್ದೆ ಮಾಡಬಹುದೆನ್ನುವ ವಾದಕ್ಕೆ ತೂಕವಿದೆ. ವಿಮಾನದ ಹಾರಾಟಕ್ಕೆ ಮಾತ್ರ ಕೇಂದ್ರದ ನಾಗರಿಕ ವಿಮಾನಯಾನ ನಿರ್ದೇಶನಾಲಯದ ಒಪ್ಪಿಗೆಯೇ ಬೇಕು. ಆ ಅಧಿಕಾರ 1934ರ ವಿಮಾನ ಕಾಯ್ದೆಯಿಂದ ಬಂದದ್ದು, ಈಗ ಅದರ ಜಾಗದಲ್ಲಿ 2024ರ ಭಾರತೀಯ ವಾಯುಯಾನ ಅಧಿನಿಯಮ ಬಂದಿದೆ. ದೇಶದೇಶಗಳ ನಡುವೆ ಹವಾಮಾನವನ್ನು ಯುದ್ಧದ ಅಸ್ತ್ರವಾಗಿಸಬಾರದೆಂಬ ವಿಶ್ವಸಂಸ್ಥೆಯ ಒಪ್ಪಂದಕ್ಕೆ ಭಾರತ 1978ರಲ್ಲಿ ಸೇರಿದೆ. ಬರಗಾಲದ ಬಿತ್ತನೆಗೂ ಅದಕ್ಕೂ ನೇರ ಸಂಬಂಧವಿಲ್ಲ.

ಬರದ ಮೇಲೆ ಬರ ಬಂದ 2003ರಲ್ಲಿ ಎಸ್.ಎಂ. ಕೃಷ್ಣ ಅವರ ಸರ್ಕಾರ ವರುಣ ಯೋಜನೆ ಕೈಗೊಂಡಿತು. ಅಮೆರಿಕದ ನಾರ್ತ್ ಡಕೋಟಾದ ಕಂಪನಿಯ ವಿಮಾನ, ರೇಡಾರು, ಪರಿಣತರು ಬಂದರು. ಎರಡನೆಯ ದೊಡ್ಡ ಪ್ರಯತ್ನ ವರ್ಷಧಾರಿ. ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಎಚ್.ಕೆ. ಪಾಟೀಲರ ಇಲಾಖೆಯಿಂದ 2017ರ ಆಗಸ್ಟಿನಲ್ಲಿ ಬೆಂಗಳೂರಿನ ಜಕ್ಕೂರಿನಿಂದ ಅದು ಹೊರಟಿತು. ಬೆಂಗಳೂರಿನ ಜಿಕೆವಿಕೆ, ಗದಗ, ಸುರಪುರಗಳಲ್ಲಿ ರೇಡಾರು ನಿಂತವು. ಬಿತ್ತಿದಲ್ಲಿ ಕಾಲು ಪಾಲಿಗೂ ಹೆಚ್ಚು ಮಳೆ ಕೂಡಿತೆಂದು ಸರ್ಕಾರದ ಮೌಲ್ಯಮಾಪನ ಹೇಳಿತು. ಆದರೆ ಆ ವರ್ಷ ಸೆಪ್ಟೆಂಬರಿನಲ್ಲಿ ತನ್ನಷ್ಟಕ್ಕೇ ಒಳ್ಳೆಯ ಮಳೆ ಬಂದಿತ್ತು. ಬಂದ ಮಳೆಯಲ್ಲಿ ಬಿತ್ತನೆಯ ಪಾಲೆಷ್ಟು ಎಂದು ಬೇರ್ಪಡಿಸುವುದು ಎಲ್ಲ ದೇಶಗಳಲ್ಲೂ ಕಷ್ಟವಾಗಿಯೇ ಉಳಿದಿರುವ ಲೆಕ್ಕ.

ಈ ಹೊತ್ತಿಗೆಲ್ಲ ಕರ್ನಾಟಕದಲ್ಲಿ ಮೋಡಬಿತ್ತನೆಯನ್ನು ಆಳಿದ ರಾಜ್ಯದ ಕಾನೂನು ಯಾವುದೆಂದರೆ ಸಾರ್ವಜನಿಕ ಸಂಗ್ರಹಣೆಯಲ್ಲಿ ಪಾರದರ್ಶಕತೆಯ 1999ರ ಕಾಯ್ದೆ, ಎಂದರೆ ಟೆಂಡರಿನ ಕಾಯ್ದೆ. ಅದು ಸರ್ಕಾರದ ಹಣವನ್ನು ಕಾಯುತ್ತದೆ. ಕರಾರಿನ ಎರಡು ಪಕ್ಷಗಳು ಸರ್ಕಾರ ಮತ್ತು ಗುತ್ತಿಗೆದಾರ. ವಿಮಾನದ ಕೆಳಗಿರುವ ಊರಿನವರಿಗೆ ಅದರಲ್ಲಿ ಸ್ಥಾನವಿಲ್ಲ. ಯಾವ ದಿನ ಯಾವ ಹೋಬಳಿಯ ಮೇಲೆ ಬಿತ್ತಲಾಗುತ್ತದೆಂದು ಗ್ರಾಮ ಪಂಚಾಯಿತಿಗೆ ತಿಳಿಸಬೇಕೆಂದು ಯಾವ ಕಾಯ್ದೆಯೂ ಹೇಳುವುದಿಲ್ಲ.

ಈ ಕೊರತೆ 2019ರಲ್ಲಿ ಕಣ್ಣಿಗೆ ಹೊಡೆದಂತೆ ಕಂಡಿತು. ವರ್ಷಧಾರಿಯ ಮುಂದಿನ ಕಂತು ಜುಲೈ ಕೊನೆಗೆ ಹುಬ್ಬಳ್ಳಿಯಿಂದ ಆರಂಭವಾಯಿತು. ಆಗಸ್ಟ್ ಮೊದಲ ವಾರಗಳಲ್ಲಿ ಬೆಳಗಾವಿ, ಬಾಗಲಕೋಟೆ, ಹಾವೇರಿಗಳಲ್ಲಿ ನೆರೆ ಬಂತು. ಕಾಳಿ ಮತ್ತು ಗಂಗಾವಳಿ ಉಕ್ಕಿ ಕಾರವಾರ, ಅಂಕೋಲೆಯ ಊರುಗಳು ಮುಳುಗಿದವು. ಶಿರಸಿ, ಯಲ್ಲಾಪುರದ ಕಾಡು ಮತ್ತು ತೋಟಗಳ ನೀರು ಬೇಡ್ತಿಯಾಗಿ ಇಳಿದು ಸೇರುವುದು ಇದೇ ಗಂಗಾವಳಿಗೆ. ನೆರೆ ತಂದದ್ದು ಮುಂಗಾರಿನ ಭಾರಿ ಮಾರುತ; ಬಿತ್ತನೆಯ ವಿಮಾನಗಳ ಉಪ್ಪಿಗೆ ಅಂಥ ಮಳೆ ಸುರಿಸುವ ಶಕ್ತಿಯಿಲ್ಲ. ಹಾಗೆಂದು ದಿನಾಂಕ ಸಹಿತ ತೋರಿಸಲು ಜನರ ಮುಂದಿಡಬೇಕಾದ ಬಿತ್ತನೆಯ ದಾಖಲೆಯೊಂದನ್ನು ಕಾನೂನು ಕೇಳಿರಲಿಲ್ಲ. ಅಮೆರಿಕ ಈ ಪಾಠವನ್ನು ಬಹಳ ದುಬಾರಿ ಬೆಲೆಗೆ ಕಲಿತಿತ್ತು. 1972ರ ಜೂನ್ 9ರಂದು ಸೌತ್ ಡಕೋಟಾದ ರ‍್ಯಾಪಿಡ್ ಸಿಟಿಯಲ್ಲಿ ನೆರೆಗೆ 238 ಜನ ಸತ್ತರು. ಅದೇ ದಿನ ಹತ್ತಿರದಲ್ಲಿ ಮೋಡಬಿತ್ತನೆಯ ಪ್ರಯೋಗ ನಡೆದಿತ್ತು. ನೆರೆಗೆ ಅದು ಕಾರಣವೆಂದು ಸಾಬೀತಾಗಲಿಲ್ಲ, ಸಂಶಯವೂ ಬಹಳ ಕಾಲ ಸಾಯಲಿಲ್ಲ.

2023ರ ಬರದಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಆ ಸೆಪ್ಟೆಂಬರಿನಲ್ಲಿ ರಾಣೆಬೆನ್ನೂರಿನ ಶಾಸಕ ಪ್ರಕಾಶ್ ಕೋಳಿವಾಡ ಮತ್ತು ಅವರ ತಂದೆ, ವಿಧಾನಸಭೆಯ ಮಾಜಿ ಅಧ್ಯಕ್ಷ ಕೆ.ಬಿ. ಕೋಳಿವಾಡ ತಮ್ಮ ಸ್ವಂತ ಖರ್ಚಿನಲ್ಲಿ ಹಾವೇರಿ ಜಿಲ್ಲೆಯ ಮೇಲೆ ಮೋಡ ಬಿತ್ತಿಸಿದರು. ಸರ್ಕಾರದ ಯೋಜನೆಯಲ್ಲದೆ ಖಾಸಗಿಯವರೂ ಆಕಾಶಕ್ಕೆ ಕೈಹಾಕಬಹುದೆಂದಾದ ಮೇಲೆ ಟೆಂಡರಿನ ಕಾಯ್ದೆಯೂ ಅನ್ವಯಿಸದಾಯಿತು. ಇದಕ್ಕೊಂದು ಶಾಸನವಿರಬೇಕೆಂದು ಖಾಸಗಿ ಸದಸ್ಯರ ಮಸೂದೆಯ ದಾರಿ ಹಿಡಿದವರೂ ಪ್ರಕಾಶ್ ಕೋಳಿವಾಡರೇ. ಮಂತ್ರಿಯಲ್ಲದ ಸದಸ್ಯರು ತರುವ ಇಂಥ ಮಸೂದೆಗಳು ಕಾಯ್ದೆಯಾಗುವುದು ವಿರಳ. ಸಂಸತ್ತಿನಲ್ಲೇ ಈವರೆಗೆ ದಾಟಿರುವುದು 14, ಕೊನೆಯದು 1970ರಲ್ಲಿ. ಆದರೂ ಮೋಡದ ಮಾತು ಬರಪರಿಹಾರದ ಖರ್ಚಿನ ಚರ್ಚೆಯಿಂದ ಶಾಸನದ ಚರ್ಚೆಗೆ ಬಂದದ್ದು ಇಲ್ಲಿಂದಲೇ.

ಕಾಯ್ದೆ ಬರೆಯುವವರಿಗೆ ಬೇಕಾದ ಅಳತೆಯ ಆಧಾರ ಈಗ ಹಿಂದಿಗಿಂತ ಗಟ್ಟಿಯಾಗಿದೆ. ಪುಣೆಯ ಸಂಸ್ಥೆ ಘಟ್ಟದ ಮಳೆನೆರಳಿನ ಸೋಲಾಪುರದಲ್ಲಿ 2018 ಮತ್ತು 2019ರಲ್ಲಿ 276 ಮೋಡಗಳನ್ನು ಪರೀಕ್ಷಿಸಿ 2023ರಲ್ಲಿ ಫಲಿತಾಂಶ ಪ್ರಕಟಿಸಿತು. ಕೆಲವು ತಾಣಗಳಲ್ಲಿ ಮಳೆ ಶೇ 46ರಷ್ಟು, ಗಾಳಿ ಸಾಗುವ ದಿಕ್ಕಿನ 100 ಚದರ ಕಿಲೋಮೀಟರಿನಲ್ಲಿ ಸರಾಸರಿ ಶೇ 18ರಷ್ಟು ಹೆಚ್ಚಿತೆಂಬುದು ಅದರ ಸಾರ. ತಕ್ಕ ಮೋಡ ಸಿಕ್ಕರೆ ಮಾತ್ರ ಈ ಫಲ. ಮೋಡವೇ ಇಲ್ಲದ ಬರದಲ್ಲಿ ಬಿತ್ತಲು ಏನೂ ಇರುವುದಿಲ್ಲ.

ಅಳೆಯುವ ಸಾಧನವೂ ರಾಜ್ಯದಲ್ಲಿದೆ. 1988ರಲ್ಲಿ ಬರ ಮೇಲ್ವಿಚಾರಣಾ ಘಟಕವಾಗಿ ಹುಟ್ಟಿದ ಈಗಿನ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟಿಗರಿಗೆ ಈ ಮಾಪಕಗಳ ಅಂಕಿ ಬರೀ ಸುದ್ದಿಯಲ್ಲ. ಅಡಿಕೆ ಮತ್ತು ಕಾಳುಮೆಣಸಿಗೆ ಅವರು ಕಂತು ಕಟ್ಟುವ ಹವಾಮಾನ ಆಧಾರಿತ ಬೆಳೆವಿಮೆಯ ಪರಿಹಾರ ತೀರ್ಮಾನವಾಗುವುದು ತೋಟದಲ್ಲಿ ಉದುರಿದ ಕಾಯಿ ಎಣಿಸಿ ಅಲ್ಲ, ಮಾಪಕದಲ್ಲಿ ದಾಖಲಾದ ಮಳೆ ನೋಡಿ. ಬಿತ್ತಿದ ಮೋಡದ ಮಳೆಯೂ ಅದೇ ಮಾಪಕಕ್ಕೆ ಬೀಳುತ್ತದೆ. ಅದನ್ನು ವಿಮೆ ಸಹಜ ಮಳೆಯೆಂದು ಎಣಿಸಬೇಕೇ, ಅದರಿಂದ ಹೆಚ್ಚಿದ ಕೊಳೆಗೆ ಬಿತ್ತಿದವರು ಹೊಣೆಯೇ, ಘಟ್ಟದಂಚಿನ ತಾಲ್ಲೂಕುಗಳಿಂದ ಎಷ್ಟು ದೂರ ಬಿಟ್ಟು ಬಿತ್ತಬೇಕು ಎಂಬ ಪ್ರಶ್ನೆಗಳಿಗೆ ವಿಮೆಯ ಷರತ್ತಿನಲ್ಲಾಗಲಿ ಟೆಂಡರಿನ ಕರಾರಿನಲ್ಲಾಗಲಿ ಉತ್ತರ ಹುಡುಕುವಂತಿಲ್ಲ. ಅವು ಶಾಸನಸಭೆ ತೀರ್ಮಾನಿಸಬೇಕಾದವು.