ಕಾಬಾದ ಕಪ್ಪು ಶಿಲೆ



ಮಕ್ಕಾ ನಗರದ ಕಾಬಾದ ಗೋಡೆಯಲ್ಲಿ ಒಂದು ಕಪ್ಪು ಶಿಲೆಯಿದೆಯೆಂಬುದನ್ನು ತಾವು ಕೇಳಿಬಲ್ಲಿರಿ. ಅದು ಪುರಾತನವಾದ ಒಂದು ಶಿವಲಿಂಗವೆಂದು ಸಾರುವ ಬರಹಗಳೂ ತಮ್ಮಲ್ಲಿ ಕೆಲವರ ಕೈಸೇರಿರಬಹುದು. ಲಿಂಗನಿಷ್ಠರಾದ ನಮ್ಮ ಕಿವಿಗೆ ಆ ಮಾತು ಹಿತವಾಗಿ ಕೇಳುವುದು ಸಹಜವೇ. ಆದರೆ ಹಿತವಾದುದೆಲ್ಲ ಇತಿಹಾಸವಾಗಲಾರದು. ಈ ವಾದಕ್ಕೆ ಶಾಸನದ ಆಧಾರವಿಲ್ಲ. ಪ್ರಾಚೀನ ಗ್ರಂಥದ ಆಧಾರವೂ ಇಲ್ಲ. ಅನ್ಯರ ಪವಿತ್ರವಸ್ತುವಿನ ವಿಚಾರವನ್ನು ಮೊದಲು ಅವರ ಪರಂಪರೆಯಿಂದಲೇ ಕೇಳಿ ತಿಳಿಯುವುದು ಲೇಸು.

ಅರಬ್ಬಿಯಲ್ಲಿ ಈ ಶಿಲೆಯ ಹೆಸರು ‘ಅಲ್ ಹಜರುಲ್ ಅಸ್ವದ್’. ಕಪ್ಪು ಕಲ್ಲು ಎಂದಷ್ಟೇ ಇದರ ಅರ್ಥ. ಕಾಬಾದ ಪೂರ್ವದ ಮೂಲೆಯಲ್ಲಿ, ನೆಲದಿಂದ ಸುಮಾರು ಒಂದೂವರೆ ಮೀಟರ್ ಎತ್ತರದಲ್ಲಿ, ಬೆಳ್ಳಿಯ ಕಟ್ಟಿನೊಳಗೆ ಅದನ್ನು ಕೂರಿಸಲಾಗಿದೆ. ಅದು ಸ್ವರ್ಗದಿಂದ ಇಳಿದುಬಂದಾಗ ಹಾಲಿಗಿಂತ ಬೆಳ್ಳಗಿತ್ತು, ಮಾನವರ ಪಾಪಗಳಿಂದ ಕಪ್ಪಾಯಿತು ಎಂಬುದು ಐತಿಹ್ಯ. ಇಬ್ರಾಹಿಮರೂ ಅವರ ಮಗ ಇಸ್ಮಾಯಿಲರೂ ಕಾಬಾವನ್ನು ಕಟ್ಟಿದಾಗ ಅದು ಆ ಮೂಲೆಯನ್ನು ಸೇರಿತಂತೆ. ಉಲ್ಕೆಯೆಂದು ಕೆಲವು ವಿದ್ವಾಂಸರು ಊಹಿಸಿದ್ದಾರೆ, ಬೇರೆಯದೆಂದು ಕೆಲವರು. ಆ ಚರ್ಚೆಯನ್ನು ಇಲ್ಲಿಗೇ ಬಿಡೋಣ.

ನಾನು ತಮಗೆ ಮುಖ್ಯವಾಗಿ ಹೇಳಬೇಕೆಂದಿರುವ ಆಖ್ಯಾಯಿಕೆ ಬೇರೊಂದಿದೆ. ಕ್ರಿ.ಶ. 605ರ ಸುಮಾರಿಗೆ, ಹಾಳುಬಿದ್ದ ಕಾಬಾವನ್ನು ಕುರೈಷ್ ಕುಲದವರು ಮತ್ತೆ ಕಟ್ಟತೊಡಗಿದರು. ಮಹಮ್ಮದರಿಗೆ ಆಗ 35 ವರ್ಷ. ಪ್ರವಾದಿತ್ವ ಇನ್ನೂ ಬಂದಿರಲಿಲ್ಲ. ಗೋಡೆಗಳು ಎದ್ದವು, ಕಲ್ಲನ್ನು ಮರಳಿ ಇಡುವ ಗಳಿಗೆ ಬಂದಾಗ ಜಗಳ ಹುಟ್ಟಿತು. ಆ ಗೌರವ ತಮಗೇ ಸಲ್ಲಬೇಕೆಂದು ಪ್ರತಿಯೊಂದು ಮನೆತನವೂ ಪಟ್ಟುಹಿಡಿಯಿತು. ಒಂದು ಪಂಗಡದವರಂತೂ ರಕ್ತ ತುಂಬಿದ ಬೋಗುಣಿಯಲ್ಲಿ ಕೈಯದ್ದಿ, ಪ್ರಾಣ ಹೋದರೂ ಬಿಡೆವೆಂದು ಆಣೆಯಿಟ್ಟರು. ನಾಲ್ಕೈದು ರಾತ್ರಿ ಹೀಗೆಯೇ ಕಳೆದವು. ಕೊನೆಗೆ ಹಿರಿಯನೊಬ್ಬನು, ಇನ್ನು ಮೊದಲು ಈ ಬಾಗಿಲಿನಿಂದ ಬರುವವನೇ ನಿರ್ಣಯ ಹೇಳಲಿ ಎಂದನು. ಬಂದವರು ಮಹಮ್ಮದರು. ಅವರು ಒಂದು ವಸ್ತ್ರವನ್ನು ಹಾಸಿ, ಕಲ್ಲನ್ನು ನಡುವಿಗಿಟ್ಟು, ಎಲ್ಲ ಮನೆತನದವರೂ ಅದರ ಅಂಚು ಹಿಡಿದೆತ್ತುವಂತೆ ಹೇಳಿ, ತರುವಾಯ ಕಲ್ಲನ್ನು ತಮ್ಮ ಕೈಯಿಂದಲೇ ಗೋಡೆಯಲ್ಲಿ ಕೂರಿಸಿದರು. ಎಂಟನೆಯ ಶತಮಾನದ ಇಬ್ನ್ ಇಸ್‌ಹಾಕನು ಬರೆದ ಪ್ರವಾದಿಯ ಚರಿತ್ರೆಯಲ್ಲಿ ಈ ಪ್ರಸಂಗ ಬಂದಿದೆ.

ಇದರ ಪ್ರಸಿದ್ಧ ಚಿತ್ರವೊಂದು ಇರಾನಿನ ತಬ್ರೀಜಿನಲ್ಲಿ 1314-15ರ ಸುಮಾರಿಗೆ ಸಿದ್ಧವಾದ ಹಸ್ತಪ್ರತಿಯಲ್ಲಿದೆ. ಗ್ರಂಥ ‘ಜಾಮಿ ಅಲ್ ತವಾರೀಖ್’, ಕರ್ತೃ ರಶೀದುದ್ದೀನ್. ಈತನು ಯೆಹೂದಿ ಮನೆತನದಲ್ಲಿ ಹುಟ್ಟಿ ಇಸ್ಲಾಮನ್ನು ಸ್ವೀಕರಿಸಿದ ವೈದ್ಯ, ಮಂಗೋಲ ಅರಸರ ವಜೀರ. ಭಾರತ ಮತ್ತು ಚೀನಾದ ವೃತ್ತಾಂತವನ್ನೂ ತನ್ನ ಇತಿಹಾಸದಲ್ಲಿ ಸೇರಿಸಿದವನು. ಪಾಪ, 1318ರಲ್ಲಿ ಆಸ್ಥಾನದ ಒಳಸಂಚಿಗೆ ತಲೆ ಕೊಟ್ಟನು. ಚಿತ್ರದಲ್ಲಿ ನಾಲ್ವರು ವಸ್ತ್ರದ ಅಂಚುಗಳನ್ನು ಹಿಡಿದಿದ್ದಾರೆ. ನಡುವೆ ಮಹಮ್ಮದರು ಕಲ್ಲನ್ನು ಕೈಯಲ್ಲಿ ಹಿಡಿದಿದ್ದಾರೆ. ಹಿಂದೆ ಕಾಬಾದ ತೆರೆ. ತೆಳುವರ್ಣದ ರೇಖೆಗಳಲ್ಲಿ ಚೀನೀ ಕಲೆಯ ಛಾಯೆ ಸ್ಪಷ್ಟ. ಪ್ರವಾದಿಯ ರೂಪವನ್ನು ಬರೆಯಬಾರದೆಂಬುದು ಇಂದಿನ ಬಹುಪಾಲು ಮುಸ್ಲಿಮರ ನಿಷ್ಠೆ. ಆ ಆಸ್ಥಾನದಲ್ಲಿ ಮುಖವನ್ನೂ ಬರೆದರು. ನಂತರದ ಶತಮಾನಗಳ ಚಿತ್ರಕಾರರು ಮುಖಕ್ಕೆ ತೆರೆ ಹಾಕತೊಡಗಿದರು. ಈ ಪ್ರತಿಯು ಕಂಪನಿ ಸರಕಾರದ ಸೇವೆಯಲ್ಲಿ ಭಾರತದಲ್ಲಿದ್ದ ಜಾನ್ ಬೇಲಿ ಎಂಬ ಅಧಿಕಾರಿಯ ಸಂಗ್ರಹದಲ್ಲಿದ್ದು, 1876ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯವನ್ನು ಸೇರಿತು.

ಕಲ್ಲಿನ ಮುಂದಿನ ಪಾಡು ಕಷ್ಟದ್ದು. 683ರ ಮುತ್ತಿಗೆಯ ವೇಳೆ ಕಾಬಾಕ್ಕೆ ಬೆಂಕಿ ತಗುಲಿ ಕಲ್ಲು ಸೀಳಿತು. ಅಬ್ದುಲ್ಲಾ ಇಬ್ನ್ ಜುಬೈರನು ಬೆಳ್ಳಿಯಿಂದ ಬಿಗಿಸಿದನು. 930ರಲ್ಲಿ ಕರ್ಮತಿ ಪಂಥದ ಅಬೂ ತಾಹಿರನು ಹಜ್ಜಿನ ದಿನಗಳಲ್ಲೇ ಯಾತ್ರಿಕರನ್ನು ಕೊಲ್ಲಿಸಿ, ಕಲ್ಲನ್ನು ಕಿತ್ತು ಪೂರ್ವ ಅರೇಬಿಯಕ್ಕೆ ಒಯ್ದನು. ಅದು ಮರಳಿದ್ದು ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ತರುವಾಯ. ಆ ಅವಧಿಯಲ್ಲಿ ಯಾತ್ರಿಕರು ಬರಿದಾದ ಆ ಎಡೆಯನ್ನೇ ಮುಟ್ಟಿ ಹೋಗುತ್ತಿದ್ದರಂತೆ.

ಹಾಗಾದರೆ ಅವರು ಕಲ್ಲನ್ನು ಪೂಜಿಸುತ್ತಾರೆಯೇ? ಎರಡನೆಯ ಖಲೀಫರಾದ ಉಮರರು ಆ ಕಲ್ಲಿನ ಮುಂದೆಯೇ ನಿಂತು ಇದಕ್ಕೆ ಉತ್ತರ ಹೇಳಿದರೆಂದು ಹದೀಸುಗಳಲ್ಲಿದೆ: ನೀನು ಒಳಿತನ್ನಾಗಲಿ ಕೆಡುಕನ್ನಾಗಲಿ ಮಾಡಲಾರದ ಕಲ್ಲೆಂದು ಬಲ್ಲೆನು, ಪ್ರವಾದಿಯು ನಿನಗೆ ಮುತ್ತಿಟ್ಟುದನ್ನು ನೋಡಿರದಿದ್ದರೆ ನಾನೂ ಇಡುತ್ತಿರಲಿಲ್ಲ ಎಂಬುದು ಆ ಮಾತಿನ ತಾತ್ಪರ್ಯ. ಏಳು ಸುತ್ತಿನ ಪ್ರದಕ್ಷಿಣೆ ಆರಂಭವಾಗುವುದು ಈ ಮೂಲೆಯಿಂದ. ಮುತ್ತಿಡುವುದು ಕಡ್ಡಾಯವಲ್ಲ, ಜನಸಂದಣಿಯಲ್ಲಿ ಹತ್ತಿರ ಹೋಗಲಾರದವರು ದೂರದಿಂದಲೇ ಅತ್ತ ಕೈಯೆತ್ತಿ, ದೇವರ ಹೆಸರು ಹೇಳಿ, ಮುಂದೆ ನಡೆಯುತ್ತಾರೆ.